ಆಳದ ಮೀನು ಹಿಡಿದು ಬಿಡುವ ಟ್ರಿಪ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಕೊಡಗಿನಲ್ಲಿ ಗಾಳ ಹಾಕುವ ಹುಚ್ಚಿರುವವರೆಲ್ಲ ದಯವಿಟ್ಟು ಓದಿ. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರಂತೂ ಓದಲೇಬೇಕು. ನನ್ನ ಕೈಯಿಂದ ಹೋಗಿದ್ದು 14,800 ರೂಪಾಯಿ. ದುಡ್ಡು ಹಾಳಾಗಲಿ. ನಾನು ಹಿಡಿದ ನಾಲ್ಕು ಮೀನು ಸುಮ್ನೆ ಸತ್ತವು, ಅದೂ ನನ್ನ ಮಗಳ ಕಣ್ಣೆದುರಿಗೆ. ಅದನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ಕಾವೇರಿಯಲ್ಲಿ ಪರ್ಮಿಟ್ ತೆಗೆದುಕೊಂಡು ಮಹಸೀರ್ ಹಿಡಿದು ಬಿಟ್ಟು ಅಭ್ಯಾಸ ಇರುವವನು ನಾನು. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಬೇಕು, ನೀರಿನಿಂದ ಮೇಲೆ ಎತ್ತಬಾರದು, ಹರಿವಿಗೆ ಮುಖ ಮಾಡಿ ಹಿಡಿದು ಅದಾಗಿ ಬಾಲ ಬೀಸುವವರೆಗೆ ಕಾಯಬೇಕು. ಇಷ್ಟನ್ನು ನನ್ನ ಹನ್ನೊಂದು ವರ್ಷದ ಮಗಳೂ ಕಲಿತಿದ್ದಾಳೆ. ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುತ್ತಿದ್ದ ಸಮಯ. ನಮ್ಮ ಕಡೆ ಗಾಳದ ಸಾಮಾನು ಮಾರುವ ಒಬ್ಬರು, ಹೆಸರು ಬೇಡ, ಕಣ್ಣೂರು ಕಡೆಯ ಸಮುದ್ರಕ್ಕೆ ಟ್ರಿಪ್ ಕರೆದುಕೊಂಡು ಹೋಗುತ್ತೇವೆ ಅಂದರು. ಒಬ್ಬರಿಗೆ ಆರು ಸಾವಿರ. ಒಂದು ಮೀನನ್ನೂ ಕೊಲ್ಲುವುದಿಲ್ಲ, ಎಲ್ಲವನ್ನೂ ವಾಪಸ್ ಆಳಕ್ಕೇ ಬಿಡುತ್ತೇವೆ ಅಂತ ಮಾತು ಕೊಟ್ಟರು. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಮೀನಿನ ತುಟಿಗೆ ಕ್ಲಿಪ್, ಕೆಳಗೆ ಭಾರ, ದಾರ ಬಿಟ್ಟ ಹಾಗೆ ಮೀನು ಇಳಿಯುತ್ತದೆ, ಆಳಕ್ಕೆ ಹೋದ ಮೇಲೆ ಕ್ಲಿಪ್ ತಾನಾಗಿ ಬಿಚ್ಚಿಕೊಳ್ಳುತ್ತದೆ. "ಇದೇ ಅಣ್ಣ, ಇದೇ ಕಿಟ್. 2,800 ಎಕ್ಸ್‌ಟ್ರಾ ಆಗುತ್ತೆ, ಆದರೆ ಆಮೇಲೆ ನಿಮ್ಮದೇ." ಇಬ್ಬರ ದುಡ್ಡು, ಕಿಟ್‌ನ ದುಡ್ಡು, ಎಲ್ಲ ಅಲ್ಲೇ ಫೋನ್‌ಪೇ ಮಾಡಿದೆ. ಬಿಲ್ ಕೇಳಲಿಲ್ಲ. ಪರಿಚಯದ ಅಂಗಡಿಯಲ್ಲಿ ಯಾರು ಕೇಳುತ್ತಾರೆ?

ಬೆಳಗಿನ ಜಾವ ಮಾಕುಟ್ಟ ಘಾಟಿ ಇಳಿದು ಹೋದೆವು. ಬೋಟು ನಿಂತ ಜಾಗದಲ್ಲಿ ಆಳ 42 ಮೀಟರ್ ಅಂತ ಮೆಷಿನ್ ತೋರಿಸುತ್ತಿತ್ತು.

ಮೊದಲು ಬಿದ್ದಿದ್ದು ಒಂದು ಮುರು ಮೀನು, ಎರಡು ಕೆಜಿ ಇರಬಹುದು. ಮೇಲೆ ಬಂದಾಗ ಅದರ ಕಣ್ಣುಗುಡ್ಡೆಗಳು ಹೊರಗೆ ಉಬ್ಬಿದ್ದವು. ಬಾಯಿಂದ ಗುಲಾಬಿ ಬಣ್ಣದ, ಬಲೂನಿನಂಥ ಏನೋ ಹೊರಗೆ ಚಾಚಿತ್ತು. ಹೊಟ್ಟೆ ಮುಟ್ಟಿದರೆ ಗಾಳಿ ತುಂಬಿದ ಟ್ಯೂಬಿನ ಥರ ಬಿಗಿ. ಬೇಗ ಆ ಕ್ಲಿಪ್ ಕೊಡಿ ಅಂದೆ. "ಅದು ಇನ್ನೊಂದು ಬೋಟಲ್ಲಿದೆ ಅಣ್ಣ, ಇದೂ ಅದೇ ಕೆಲಸ ಮಾಡುತ್ತೆ" ಅಂತ ಆ ಅಂಗಡಿಯವರು ಪೌಚಿನಿಂದ ಒಂದು ದಪ್ಪ ಸೂಜಿ ತೆಗೆದರು. ಆ ಗುಲಾಬಿ ಬಲೂನಿಗೇ ಚುಚ್ಚಿದರು. ಅದು ಸುಕ್ಕಾಗಿ ಕುಗ್ಗಿತು. ಮೀನನ್ನು ನೀರಿಗೆ ಎಸೆದರು.

ಅದು ಇಳಿಯಲಿಲ್ಲ. ಅಂಗಾತ ತೇಲಿತು. ಬಾಲ ಮಾತ್ರ ಆಗಾಗ ಅಲ್ಲಾಡುತ್ತಿತ್ತು.

"ಅಪ್ಪ, ಅದು ಯಾಕೆ ಕೆಳಗೆ ಹೋಗ್ತಿಲ್ಲ?" ಅಂತ ಮಗಳು ಕೇಳಿದಳು. ಅವರೇ ಉತ್ತರ ಕೊಟ್ಟರು. "ರೆಸ್ಟ್ ತಗೋತಿದೆ ಪುಟ್ಟಿ, ಸ್ವಲ್ಪ ಹೊತ್ತಲ್ಲಿ ಹೋಗುತ್ತೆ." ನಾನು ಅದನ್ನು ನಂಬಿದೆ. ನಂಬಿ ಮತ್ತೆ ಗಾಳ ಹಾಕಿದೆ. ಇನ್ನೂ ಮೂರು ಮೀನು ಎಳೆದೆ. ಎರಡು ಮುರು, ಒಂದು ಕೆಂಬೇರಿ. ಪ್ರತಿ ಸಲ ಅದೇ ಸೂಜಿ, ಅದೇ ಮಾತು, ಅದೇ ತೇಲಾಟ. ಮೊದಲನೆಯದಕ್ಕೇ ಯಾಕೆ ನಿಲ್ಲಿಸಲಿಲ್ಲ ಅಂತ ಈಗಲೂ ರಾತ್ರಿ ಎದ್ದು ಕೂರುತ್ತೇನೆ.

ಬೋಟಿನ ಹಿರಿಯ ಕೆಲಸಗಾರರಿಗೆ ಕೊನೆಗೆ ತಡೆಯಲಾಗಲಿಲ್ಲ. ಮಲಯಾಳದಲ್ಲಿ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದರು. ಅವರು ಚುಚ್ಚುತ್ತಿರುವುದು ಮೀನಿನ ಹೊಟ್ಟೆಗೆ (ಜಠರಕ್ಕೆ), ಗಾಳಿಚೀಲಕ್ಕಲ್ಲ ಅಂತ. ಗಾಳಿಚೀಲ ಅಂದರೆ ಮೀನು ನೀರಿನಲ್ಲಿ ಮುಳುಗದೆ ನಿಲ್ಲಲು ನೆರವಾಗುವ, ಗಾಳಿ ತುಂಬಿದ ಒಳಚೀಲ.

ಮನೆಗೆ ಬಂದು ಓದಿದ ಮೇಲೆ ಪೂರ್ತಿ ಅರ್ಥವಾಯಿತು. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 42 ಮೀಟರಿನಿಂದ ಎಳೆದರೆ ಗಾಳಿಚೀಲದೊಳಗಿನ ಗಾಳಿ ಐದು ಪಟ್ಟು ಹಿಗ್ಗುತ್ತದೆ. ಮುರು, ಕೆಂಬೇರಿಯಂಥ ಮೀನಿನ ಚೀಲಕ್ಕೆ ಬಾಯಿ ಇಲ್ಲ, ಗಾಳಿ ರಕ್ತದ ಮೂಲಕ ನಿಧಾನಕ್ಕೆ ಹೋಗಬೇಕು. ಅಷ್ಟು ಸಮಯ ನಾವು ಕೊಡುವುದಿಲ್ಲ. ಆ ಗಾಳಿ ಹೊಟ್ಟೆಯನ್ನೇ ಬಾಯಿಂದ ಹೊರಗೆ ತಳ್ಳುತ್ತದೆ. ಆ ಬಲೂನು ಮೀನಿನ ಹೊಟ್ಟೆ! ಅದಕ್ಕೆ ಚುಚ್ಚಲೇಬಾರದು. ಗಾಳಿಚೀಲದ ಗಾಳಿ ಬಿಡಿಸಲು ಸೂಜಿ ಹಾಕುವುದೇ ಆದರೆ ಎದೆಯ ರೆಕ್ಕೆಯ ಹಿಂದೆ, ಹುರುಪೆಯ ಅಡಿಯಿಂದ, ಓರೆಯಾಗಿ. ಅದೂ ಕಲಿತವರು ಮಾತ್ರ. ಅದಕ್ಕಿಂತ ಒಳ್ಳೆಯದು ಭಾರ ಕಟ್ಟಿ ಆಳಕ್ಕೆ ಇಳಿಸಿ ಬಿಡುವುದು. ಆಳಕ್ಕೆ ಹೋದರೆ ಗಾಳಿ ತಾನಾಗಿ ಕುಗ್ಗುತ್ತದೆ. ಅಮೆರಿಕದ ಮೆಕ್ಸಿಕೋ ಕೊಲ್ಲಿಯಲ್ಲಿ ಇಂಥ ಮೀನು ಹಿಡಿಯುವ ಬೋಟಿನಲ್ಲಿ ಇಳಿಸುವ ಸಾಧನವೋ ಸೂಜಿಯೋ ಒಂದು ಸಿದ್ಧ ಇರಲೇಬೇಕು ಅಂತ 2022ರಲ್ಲಿ ಕಾನೂನೇ ಜಾರಿಗೆ ಬಂದಿತ್ತು.

ಆಮೇಲೆ 'ಕಿಟ್' ಬಿಚ್ಚಿದೆ. ಒಂದು ಪೌಚು, ಎರಡು ಸೂಜಿ, ಒಂದು ತುಂಡು ದಾರ. ಅಷ್ಟೇ. ಕ್ಲಿಪ್ ಇಲ್ಲ, ಭಾರ ಇಲ್ಲ. ಆ ಸೂಜಿಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಕೊಟ್ಟಿಗೆಗೆ ಹೋಗಿ ಹಸುವಿನ ಔಷಧಿ ಡಬ್ಬ ತೆಗೆದೆ. ಅದೇ ಸೂಜಿ. ಅದೇ ಬುಡ, ಅದೇ ದಪ್ಪ. ಹಸುವಿಗೆ ಇಂಜೆಕ್ಷನ್ ಕೊಡುವ ಸೂಜಿ. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. 2,800 ರೂಪಾಯಿ!

ಅಂಗಡಿಯವರಿಗೆ ಮೆಸೇಜ್ ಹಾಕಿದೆ. ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಮೀನು ಅಂದಮೇಲೆ ಸಾಯೋದು ಸಹಜ ಅಲ್ವಾ ಅಣ್ಣ?"

ಕ್ಲಿಪ್ ಎಲ್ಲಿ ಅಂತ ಕೇಳಿದೆ. "ಸ್ಟಾಕ್ ಬಂದಾಗ ಕೊಡ್ತೀನಿ."

ದುಡ್ಡು ವಾಪಸ್ ಕೊಡಿ ಅಂದೆ. "ನೀವು ಬೆಟ್ಟದವರು, ಸಮುದ್ರದ ಮೀನಿನ ವಿಷಯ ನಿಮಗೇನು ಗೊತ್ತು?" ಅವರೂ ಇದೇ ಬೆಟ್ಟದವರು.

ಕೊನೆಯದು ಇನ್ನೂ ಕೆಟ್ಟದ್ದು. "ಸೂಜಿ ವೇಸ್ಟ್ ಆಗಲ್ಲ ಅಣ್ಣ, ಕಾವೇರಿಲಿ ಮಹಸೀರ್‌ಗೂ ಹಾಕಬಹುದು." ಇದಕ್ಕೇ ನಾನು ಇಷ್ಟು ಬರೆಯುತ್ತಿರುವುದು. ಯಾರೂ ಹಾಕಬೇಡಿ! ಮಹಸೀರ್ ಗೆಂಡೆ ಮೀನಿನ ಜಾತಿ. ಅದರ ಗಾಳಿಚೀಲದಿಂದ ಗಂಟಲಿಗೆ ದಾರಿ ಇದೆ, ಗಾಳಿಯನ್ನು ತಾನೇ ಬಿಡುತ್ತದೆ. ಅದಕ್ಕೆ ಸೂಜಿ ಬೇಕಾಗಿಯೇ ಇಲ್ಲ. ಕಾವೇರಿಯ ಡುಬ್ಬದ ಮಹಸೀರ್ ಅಳಿವಿನ ಅಂಚಿನಲ್ಲಿದೆ ಅಂತ 2018ರಲ್ಲೇ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ) ತನ್ನ ಪಟ್ಟಿಗೆ ಸೇರಿಸಿದೆ. ಉಳಿದಿರುವ ಅಷ್ಟಕ್ಕೂ ಇವರು ಹಸುವಿನ ಸೂಜಿ ಚುಚ್ಚಿಸುತ್ತಾರಾ?

ಟ್ರಿಪ್‌ಗೆ ಹೋಗುವುದಾದರೆ ದುಡ್ಡು ಕೊಡುವ ಮುಂಚೆ ಇಳಿಸುವ ಸಾಧನವನ್ನು ಕೈಯಲ್ಲಿ ಹಿಡಿದು ನೋಡಿ. ವಿಡಿಯೋ ನಂಬಬೇಡಿ. ಬೋಟಿನಲ್ಲಿ ಅದು ಇಲ್ಲ ಅಂದರೆ ಆಳದಲ್ಲಿ ಗಾಳ ಹಾಕಬೇಡಿ. ಮೊದಲ ಮೀನು ತೇಲಿದರೆ ಅಲ್ಲಿಗೇ ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ.

ಮೊನ್ನೆ ನಮ್ಮ ಭಾವ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಆ ಮನುಷ್ಯನ ಸ್ಟೇಟಸ್. ಅದರಲ್ಲಿ ನಾನು ಮೊದಲ ಮುರು ಹಿಡಿದು ನಿಂತಿದ್ದೇನೆ, ಪಕ್ಕದಲ್ಲಿ ಮಗಳು ನಗುತ್ತಿದ್ದಾಳೆ. ಮೀನಿನ ಬಾಯಿ ಕಾಣದ ಹಾಗೆ ಫೋಟೋ ಕತ್ತರಿಸಿದ್ದಾರೆ. ಕೆಳಗೆ 'ಸುರಕ್ಷಿತವಾಗಿ ಬಿಡಲಾಯಿತು' ಅಂತ ಬರೆದು, ಮುಂದಿನ ಟ್ರಿಪ್‌ನ ತಾರೀಕು ಹಾಕಿದ್ದಾರೆ. ತೆಗೆಯಿರಿ ಅಂತ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆ ಫೋಟೋ ನಿಮಗೂ ಬಂದರೆ ತಿಳಿದುಕೊಳ್ಳಿ, ಅದರಲ್ಲಿರುವ ಮೀನು ಹತ್ತು ನಿಮಿಷವೂ ಬದುಕಲಿಲ್ಲ.