ಕೀಟೋಗೆ ಇಳಿಯುವ ಮೂರು ದಾರಿ: ಯಾವುದು ಒಗ್ಗಿತು, ಯಾವುದು ಕೈಕೊಟ್ಟಿತು

ಕೀಟೋ ಎಂದರೆ ಕಾರ್ಬ್ (ಅನ್ನ, ಬ್ರೆಡ್ಡು, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್) ತೀರಾ ಇಳಿಸಿ ಕೊಬ್ಬು ಹೆಚ್ಚು ತಿನ್ನುವ ಆಹಾರಕ್ರಮ. ಅದನ್ನು ಶುರು ಮಾಡಲು ಜನ ಹೇಳುವ ದಾರಿಗಳು ಮುಖ್ಯವಾಗಿ ಮೂರು. ಕಾರ್ಬ್ ಅನ್ನು ಒಂದೇ ಏಟಿಗೆ ದಿನಕ್ಕೆ 20 ಗ್ರಾಂಗೆ ಇಳಿಸುವುದು, ವಾರವಾರ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಹೋಗುವುದು, ಇಲ್ಲವೇ ಉಪವಾಸದಿಂದ ಶುರು ಮಾಡುವುದು. ಬೇರೆ ಬೇರೆ ಕಾಲದಲ್ಲಿ ಮೂರನ್ನೂ ಮಾಡಿ ನೋಡಿದ್ದೇನೆ. ಬಿಟ್ಟು ಬಿಟ್ಟು ಶುರು ಮಾಡುವವರಿಗೆ ಇರುವ ಒಂದೇ ಲಾಭ ಇದು. ಒಂದೇ ಏಟಿಗೆ ಬಿಡುವುದೇ ಮೂರರಲ್ಲಿ ಸುಲಭದ್ದು, ಆದರೆ ಉಪ್ಪಿನ ವಿಷಯ ಗೊತ್ತಿದ್ದವರಿಗೆ ಮಾತ್ರ.

ಹಂತಹಂತವಾಗಿ ಇಳಿಸುವುದು ಕೇಳಲು ಬಲು ವಿವೇಕದ ಮಾತು. ಮೊದಲು ಸಕ್ಕರೆ ಮತ್ತು ಸಿಹಿ ಪಾನೀಯ, ಆಮೇಲೆ ಅನ್ನ ಬ್ರೆಡ್ಡು ಅರ್ಧಕ್ಕರ್ಧ, ಕೊನೆಗೆ ಹಣ್ಣು. ದಿನಕ್ಕೆ 150 ಗ್ರಾಂ ಕಾರ್ಬ್ ಬರುವವರೆಗೆ ಏನೂ ಅನ್ನಿಸಲಿಲ್ಲ. ಊಟದ ಮೇಲೆ ಬರುತ್ತಿದ್ದ ತೂಕಡಿಕೆ ಕಡಿಮೆಯಾಗಿದ್ದು ಬಿಟ್ಟರೆ ಬೇರೆ ಬದಲಾವಣೆಯೂ ಇರಲಿಲ್ಲ. ಪೀಕಲಾಟ ಶುರುವಾಗಿದ್ದು 70-80 ಗ್ರಾಂ ಆಸುಪಾಸಿನಲ್ಲಿ. ಹಸಿವು ಹೋಗುವುದಿಲ್ಲ, ಸಿಹಿಯ ಚಪಲ ಬಿಡುವುದಿಲ್ಲ, ಕೀಟೋಸಿಸ್ಸೂ (ದೇಹ ಸಕ್ಕರೆಯ ಬದಲು ಕೊಬ್ಬಿನಿಂದ ನಡೆಯುವ ಸ್ಥಿತಿ) ಸರಿಯಾಗಿ ಹತ್ತುವುದಿಲ್ಲ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಕಾರ್ಬ್ ತೀರಾ ಇಳಿದಾಗ ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ಇಂಧನ ಮಾಡಿ ಅದರಲ್ಲಿ ದೊಡ್ಡ ಪಾಲನ್ನು ತುಂಬುತ್ತದೆ. ನಡುವೆ ನಿಂತರೆ ಹಳೆಯದನ್ನು ಬಿಟ್ಟ ಕಷ್ಟವಷ್ಟೂ ಇದೆ, ಹೊಸದರ ಸುಖ ಒಂದಿಷ್ಟೂ ಇಲ್ಲ. ಆ ಎಡಬಿಡಂಗಿ ಸ್ಥಿತಿಯಲ್ಲಿ ವಾರಗಟ್ಟಲೆ ಇರುವುದಕ್ಕಿಂತ ಒಂದೇ ಏಟಿಗೆ ಬಿಟ್ಟು ನಾಲ್ಕು ದಿನ ತಲೆನೋವು ತಡೆದುಕೊಳ್ಳುವುದು ಮೇಲು ಅನ್ನಿಸಿತು. ಈ ದಾರಿಗೂ ಒಂದು ಒಳ್ಳೆಯ ಗುಣವಿದೆ. ಹೊಟ್ಟೆ ಗಲಾಟೆ ಮಾಡಲಿಲ್ಲ, ಮಲಬದ್ಧತೆಯೂ ಬರಲಿಲ್ಲ.

ಒಂದೇ ಏಟಿಗೆ ಬಿಡುವುದು ಎಂದರೆ ಎಷ್ಟು ಕಡಿಮೆ ಎಂಬ ಅಂದಾಜು ಮೊದಲು ಬೇಕು. ಬೇಯಿಸಿದ ಅನ್ನ 100 ಗ್ರಾಂ ತಿಂದರೆ 28 ಗ್ರಾಂ ಕಾರ್ಬ್. ಮಧ್ಯಮ ಗಾತ್ರದ ಒಂದು ಬಾಳೆಹಣ್ಣು ಸುಮಾರು 27. ಒಂದು ಲೋಟ ಹಾಲು 12. ಅಲ್ಲಿಗೆ ದಿನದ ಲೆಕ್ಕ ಮುಗಿಯಿತು. ನನ್ನ ತಟ್ಟೆಯಲ್ಲಿ ಉಳಿದದ್ದು ಬೆಣ್ಣೆಯಲ್ಲಿ ಹುರಿದ ಮೊಟ್ಟೆ, ಮೀನು ಅಥವಾ ಕೋಳಿ, ರಾಶಿ ಸೊಪ್ಪು, ಸೌತೆಕಾಯಿ, ಹೂಕೋಸು. ತೂಕ ಸರಸರ ಇಳಿಯಿತು. ಅದನ್ನು ನೋಡಿ ಹಿಗ್ಗುವ ಮುಂಚೆ ಒಂದು ಮಾತು: ದೇಹದಲ್ಲಿ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಅರ್ಧ ಕಿಲೋ ಇರುತ್ತದೆ, ಅದರ ಪ್ರತಿ ಗ್ರಾಮಿಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಮೊದಲ ವಾರ ಇಳಿಯುವುದು ಹೆಚ್ಚಾಗಿ ಈ ನೀರೇ. ಎರಡು ದಿನ ಅನ್ನ ತಿಂದರೆ ಅಷ್ಟೂ ವಾಪಸ್.

ಆ ನೀರಿನ ಜೊತೆಗೆ ಸೋಡಿಯಂ ಕೂಡ ಹೋಗುತ್ತದೆ. ಕಾರ್ಬ್ ಕಡಿಮೆಯಾಗಿ ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳದೆ ಹೊರಗೆ ಬಿಡುತ್ತವೆ. "ಕೀಟೋ ಜ್ವರ" ಎಂದು ಹೆಸರಿಟ್ಟಿರುವುದು ಬಹುಪಾಲು ಇದಕ್ಕೇ. ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ. ಕಣ್ಣಿನ ಹಿಂದೆ ಮಂದವಾಗಿ ಹಿಂಡುವ ತಲೆನೋವು, ಕೂತಲ್ಲಿಂದ ಎದ್ದರೆ ಕಣ್ಣಿಗೆ ಕತ್ತಲೆ, ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಶಕ್ತಿಯೇ ಇಲ್ಲ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು. ಒಂದು ಲೋಟ ಬಿಸಿ ಸೂಪಿಗೆ ಅರ್ಧ ಚಮಚ ಉಪ್ಪು ಹಾಕಿ ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಜೀವ ಬಂದಂತಾಗುತ್ತಿತ್ತು. ಬರೀ ನೀರು ಕುಡಿದಷ್ಟೂ ಸುಸ್ತು ಹೆಚ್ಚುತ್ತಿತ್ತು, ಕಾರಣ ಇಷ್ಟೇ, ಉಳಿದ ಸೋಡಿಯಂ ಇನ್ನೂ ತೆಳುವಾಗುತ್ತದೆ. ಕೀಟೋ ಆಹಾರದ ಬಗ್ಗೆ ಕೆಲಸ ಮಾಡಿದ ವೈದ್ಯರು ದಿನಕ್ಕೆ ಒಟ್ಟು 3ರಿಂದ 5 ಗ್ರಾಂ ಸೋಡಿಯಂ ಹೇಳುತ್ತಾರೆ. ಒಂದು ಟೀ ಚಮಚ ಉಪ್ಪಿನಲ್ಲಿ ಸುಮಾರು 2.3 ಗ್ರಾಂ ಸೋಡಿಯಂ ಇದೆ, ಅಡುಗೆಯ ಉಪ್ಪೂ ಲೆಕ್ಕಕ್ಕೆ ಸೇರಿದ್ದೇ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಈ ಲೆಕ್ಕವನ್ನು ವೈದ್ಯರ ಬಳಿಯೇ ಮಾಡಿಸಿಕೊಳ್ಳಬೇಕು. ಉಪ್ಪು ಸರಿಯಾದ ಮೇಲೆ ಹಸಿವು ತಾನಾಗಿ ತಣ್ಣಗಾಯಿತು. ಹಂತಹಂತದ ದಾರಿಯಲ್ಲಿ ಇದೊಂದು ಸಿಕ್ಕಿರಲಿಲ್ಲ.

ಉಪವಾಸದ ದಾರಿಯಲ್ಲಿ ಕೀಟೋನ್ ಎಲ್ಲಕ್ಕಿಂತ ಬೇಗ ಏರಿತು, ಅದರಲ್ಲಿ ಅನುಮಾನವಿಲ್ಲ. ಯಕೃತ್ತಿನಲ್ಲಿರುವ ಗ್ಲೈಕೊಜೆನ್ ಸುಮಾರು 100 ಗ್ರಾಂ ಮಾತ್ರ, ಒಂದು ದಿನ ಏನೂ ತಿನ್ನದಿದ್ದರೆ ಬಹುಪಾಲು ಖಾಲಿ. ಕಷ್ಟ ಇರುವುದು ಉಪವಾಸ ಮುರಿಯುವಾಗ. ಖಾಲಿ ಹೊಟ್ಟೆಗೆ ಒಮ್ಮೆಲೇ ಅಷ್ಟು ಬೆಣ್ಣೆ, ಮಾಂಸ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳುವುದು ಬೇಡ, ಆ ಸಂಜೆ ನಾನು ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ತಮಾಷೆ ಎಂದರೆ ಈ ಆಹಾರ ಹುಟ್ಟಿದ್ದೇ ಉಪವಾಸ ಹೆಚ್ಚು ದಿನ ನಡೆಯುವುದಿಲ್ಲ ಎಂಬ ಕಾರಣಕ್ಕೆ. ಉಪವಾಸದಿಂದ ಮೂರ್ಛೆರೋಗ ಹತೋಟಿಗೆ ಬರುವುದನ್ನು ಕಂಡು, ತಿನ್ನುತ್ತಲೇ ಅದೇ ಪರಿಣಾಮ ಪಡೆಯಬಹುದು ಎಂದು 1921ರಲ್ಲಿ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಸೂಚಿಸಿದರು. ಮೂರ್ಛೆರೋಗದ ಮಕ್ಕಳಿಗೆ ಈ ಆಹಾರ ಕೊಡುವಾಗಲೂ ಈಗ ಹಲವು ಕಡೆ ಉಪವಾಸ ಮಾಡಿಸುವುದಿಲ್ಲ. ಅದು ಆಸ್ಪತ್ರೆಯ ನಿಗಾದಲ್ಲಿ ನಡೆಯುವ ಚಿಕಿತ್ಸೆ, ನಾವು ತೂಕಕ್ಕೆಂದು ಮನೆಯಲ್ಲಿ ಮಾಡುವುದು ಬೇರೆ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಒಂದೇ ಏಟಿನ ದಾರಿಗೂ ಉಪವಾಸಕ್ಕೂ ವೈದ್ಯರನ್ನು ಕೇಳದೆ ಕೈಹಾಕಬಾರದು. ಔಷಧದ ಪ್ರಮಾಣ ಹಾಗೇ ಇದ್ದು ಕಾರ್ಬ್ ಮಾತ್ರ ಇಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಹೆಸರಿನ ಕೊನೆಯಲ್ಲಿ "ಗ್ಲಿಫ್ಲೋಜಿನ್" ಎಂದು ಬರುವ ಮಾತ್ರೆಗಳಲ್ಲಿ ಇನ್ನೊಂದು ಅಪಾಯ: ಸಕ್ಕರೆ ಹೆಚ್ಚಿರದಿದ್ದರೂ ಕೀಟೋಆಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಆಗಬಹುದು. ಬಸುರಿಯರು, ಎದೆಹಾಲು ಕೊಡುವವರು ಇದರ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಇನ್ನು ಅಳತೆ. ಮೂತ್ರದ ಪಟ್ಟಿ ಅಗ್ಗ, ತೋರಿಸುವುದು ಅಸಿಟೋಅಸಿಟೇಟ್ ಎಂಬ ಕೀಟೋನ್ ಅನ್ನು. ತಿಳಿ ಗುಲಾಬಿಯಿಂದ ಗಾಢ ನೇರಳೆಗೆ ತಿರುಗುತ್ತದೆ. ಶುರುವಿನಲ್ಲಿ ಅದನ್ನು ನೋಡುವುದೇ ಒಂದು ಹುರುಪು. ಆದರೆ ಹೆಚ್ಚು ನೀರು ಕುಡಿದರೆ ಬಣ್ಣ ತೆಳುವಾಗುತ್ತದೆ, ವಾರಗಳು ಕಳೆದ ಮೇಲೆ ಕೀಟೋಸಿಸ್ ಚೆನ್ನಾಗಿಯೇ ಇದ್ದರೂ ಮಾಸುತ್ತದೆ. ರಕ್ತದ ಮೀಟರ್ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಇನ್ನೊಂದು ಕೀಟೋನ್ ಅಳೆಯುತ್ತದೆ, ಲೀಟರಿಗೆ 0.5ರಿಂದ 3 ಮಿಲಿಮೋಲ್ ಇದ್ದರೆ ಕೀಟೋಸಿಸ್. ನಂಬಿಕೆ ಇಡಬಹುದಾದದ್ದು ಇದೇ, ಬೆರಳು ಚುಚ್ಚಿಕೊಳ್ಳಬೇಕು, ಪಟ್ಟಿಗಳು ದುಬಾರಿ. ಉಸಿರಿನ ಮೀಟರ್ ಅಸಿಟೋನ್ ಎಂಬ ಮೂರನೆಯ ಕೀಟೋನ್ ಹುಡುಕುತ್ತದೆ, ನನ್ನ ಕೈಯಲ್ಲಿ ಐದು ನಿಮಿಷದ ಅಂತರದಲ್ಲಿ ಬೇರೆ ಬೇರೆ ಅಂಕಿ ಕೊಟ್ಟಿತು. ಅದಕ್ಕಿಂತ ಬಾಯಿಯ ವಾಸನೆಯೇ ನಿಖರ, ಮನೆಯವರು ಕೇಳದೆಯೇ ಹೇಳುತ್ತಾರೆ. ಹೊಸಬರು ಮೊದಲ ಎರಡು ಮೂರು ವಾರಕ್ಕೆ ಮೂತ್ರದ ಪಟ್ಟಿ ಇಟ್ಟುಕೊಂಡರೆ ಸಾಕು.

ಕಾರ್ಬ್ ಎಣಿಸುವಾಗ ನಾರನ್ನು ಕಳೆದು ಲೆಕ್ಕ ಹಾಕುವುದಾ, ಒಟ್ಟು ಲೆಕ್ಕವಾ ಎಂಬ ಜಗಳ ಮುಗಿಯುವಂಥದ್ದಲ್ಲ. ನನಗೆ ಒಟ್ಟು ಲೆಕ್ಕವೇ ಹಿಡಿಸಿತು. ನಾರು ಕಳೆಯುವ ಪದ್ಧತಿಯಲ್ಲಿ ಸೊಪ್ಪು, ತರಕಾರಿ ಧಾರಾಳವಾಗಿ ತಿನ್ನಬಹುದು, ನಿಜ. ಆದರೆ ಅದೇ ಕಿಂಡಿಯಿಂದ "ಸಕ್ಕರೆರಹಿತ" ಚಾಕೊಲೇಟು ಒಳಗೆ ಬರುತ್ತದೆ. ಅದರಲ್ಲಿ ಸಿಹಿಗೆಂದು ಹಾಕುವ ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಎರಿತ್ರಿಟಾಲ್ ಎಂಬ ಇನ್ನೊಂದು ಸಿಹಿಕಾರಕ ಏರಿಸುವುದಿಲ್ಲ. ಯುರೋಪಿನ ಪೊಟ್ಟಣಗಳ ಮೇಲೆ ಕಾರ್ಬ್ ಅಂಕಿಯಲ್ಲಿ ನಾರನ್ನು ಮೊದಲೇ ಬಿಟ್ಟಿರುತ್ತಾರೆ, ಅಮೆರಿಕದ್ದರಲ್ಲಿ ಸೇರಿಸಿರುತ್ತಾರೆ. ನೋಡದೆ ಕಳೆದರೆ ಎರಡು ಸಲ ಕಳೆದಂತೆ. ಬಾದಾಮಿಗೂ ಗೋಡಂಬಿಗೂ ಅಜಗಜಾಂತರ: 28 ಗ್ರಾಂ ಬಾದಾಮಿಯಲ್ಲಿ ನಾರು ಕಳೆದು ಉಳಿಯುವುದು 3 ಗ್ರಾಂನೊಳಗೆ, ಅಷ್ಟೇ ಗೋಡಂಬಿಯಲ್ಲಿ ಸುಮಾರು 8.

"ಕ್ಯಾಲೊರಿಯ ಮುಕ್ಕಾಲು ಪಾಲು ಕೊಬ್ಬಿನಿಂದಲೇ ಬರಬೇಕು" ಎಂದು ಕಾಫಿಗೂ ಬೆಣ್ಣೆ ಕಲಸಿ ಕುಡಿಯುವವರಿದ್ದಾರೆ. ಅದನ್ನೂ ನೋಡಿದ್ದಾಯಿತು. ತೂಕ ಇಳಿಸುವವರಿಗೆ ಆ ಕೊಬ್ಬಿನಲ್ಲಿ ಒಂದಿಷ್ಟು ತಮ್ಮ ಮೈಯಿಂದಲೇ ಬರಲಿ ಎಂಬುದೇ ಉದ್ದೇಶ ಅಲ್ಲವೇ? ಪ್ರೋಟೀನ್ ತಪ್ಪದೆ ತಿಂದು, ಕೊಬ್ಬನ್ನು ಹಸಿವಿಗೆ ತಕ್ಕಷ್ಟು ಬಳಸಿದಾಗಲೇ ನನ್ನ ಸೊಂಟದ ಅಳತೆ ಇಳಿದದ್ದು. ಶುರು ಮಾಡುವ ಮುಂಚೆ ಒಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಕೆಲವರಿಗೆ ಎಲ್‌ಡಿಎಲ್ ("ಕೆಟ್ಟ" ಕೊಲೆಸ್ಟರಾಲ್) ಜೋರಾಗಿಯೇ ಏರುತ್ತದೆ. ನನ್ನದೂ ಏರಿತ್ತು, ಬೆಣ್ಣೆ ತಗ್ಗಿಸಿ ಆಲಿವ್ ಎಣ್ಣೆ, ಮೀನು ಹೆಚ್ಚು ಮಾಡಿದ ಮೇಲೆ ಇಳಿಯಿತು.