ಔಷಧಿ ಪಂಪಿನ ತುಕ್ಕಿಗೆ ಹಳೇ ಆಯಿಲ್, ಸ್ಪ್ರೇ ಡಬ್ಬಿ, ಹೊಸ ಆಯಿಲ್: ಮೂರನ್ನೂ ಹಚ್ಚಿ ನೋಡಿದ ಮೇಲೆ

ಗೆದ್ದದ್ದು ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ: ಒಂದಿಂಚಿನ ಬಣ್ಣದ ಬ್ರಶ್ಶು, 50 ಎಂಎಲ್ ಹೊಸ 20ಡಬ್ಲ್ಯೂ-40 ಎಂಜಿನ್ ಆಯಿಲ್. ನಾನೂರು ರೂಪಾಯಿ ಹತ್ತಿರ ಕೊಟ್ಟು ತಂದ ತುಕ್ಕು ತಡೆಯುವ ಸ್ಪ್ರೇ ಡಬ್ಬಿಗೆ ಎರಡನೇ ಜಾಗ. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ಹಳೇ ಆಯಿಲ್‌ಗೆ ಕೊನೇ ಜಾಗ. ಪೆಟ್ರೋಲ್ ಎಂಜಿನ್ ಕೂರಿಸಿದ ಒಂದೇ ಎಚ್‌ಟಿಪಿ ಪಂಪಿನ (ಬೆಳೆಗೆ ಜೋರು ಒತ್ತಡದಲ್ಲಿ ಔಷಧಿ ಹೊಡೆಯುವ ಪಂಪು) ಫ್ರೇಮಿನಲ್ಲಿ ಮೂರು ಕಡೆ ಮೂರನ್ನೂ ಹಚ್ಚಿ, ಎರಡು ಹಂಗಾಮು ಬಿಟ್ಟು ನೋಡಿದ್ದು.

ಮಲ್ಪೆಯಲ್ಲಿ ದೋಣಿಯ ಎಂಜಿನ್ನಿಗೆ ಉಪ್ಪು ಸಮುದ್ರದಿಂದ ಬರುತ್ತೆ, ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಗೊಬ್ಬರದ ಅಂಗಡಿಯಿಂದ ಬರುತ್ತೆ. ಟೊಮೇಟೊಗೆ ಹೊಡೆಯುವ ಕ್ಯಾಲ್ಸಿಯಂ ನೈಟ್ರೇಟ್ ಚೀಲ ಬಾಯಿ ತೆರೆದಿಟ್ಟರೆ ಬೆಳಗಾಗುವಷ್ಟರಲ್ಲಿ ಅಂಚೆಲ್ಲಾ ನೀರು ನೀರಾಗಿರುತ್ತಲ್ಲ, ಫ್ರೇಮಿನ ಮೂಲೆಯಲ್ಲಿ ಒಣಗಿದ ಅದೇ ಉಪ್ಪು ಕೂಡ ಗಾಳಿಯ ತೇವ ಹೀರಿ ಒದ್ದೆಯಾಗುತ್ತಲೇ ಇರುತ್ತೆ. ಶೆಡ್ಡಿನೊಳಗಿದ್ದರೂ ಕಬ್ಬಿಣಕ್ಕೆ ಬಿಡುವಿಲ್ಲ.

ದ್ರಾಕ್ಷಿಗೆ ಶಿಲೀಂಧ್ರ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವವರ ಪಾಡು ಇನ್ನೂ ಕಷ್ಟ. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸಾಲದಿದ್ದರೆ ಅದ್ದಿದ ಕುಡುಗೋಲಿನ ಮೇಲೆ ಕೆಂಪಗೆ ತಾಮ್ರ ಕೂರುತ್ತೆ. ಅಷ್ಟು ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರುತ್ತೆ ಅಂತ ಲೆಕ್ಕ. ಪಂಪಿನ ಮೈಮೇಲೂ ನಡೆಯುವುದು ಇದೇ. ಎಂಜಿನ್ನಿನ ಅಲ್ಯೂಮಿನಿಯಂ ಭಾಗದ ಮೇಲೆ ತಾಮ್ರ ಕೂತರಂತೂ ಅಲ್ಲಲ್ಲೇ ಬಿಳಿ ಹಿಟ್ಟು ಬಿಟ್ಟು ಗುಂಡಿ ಬೀಳುತ್ತೆ.

ಹಳೇ ಆಯಿಲ್ ಯಾಕೆ ಬೇಡ? ಮಸಿ, ಆಮ್ಲ, ನೀರಿನಂಶ ಎಲ್ಲಾ ಅದರಲ್ಲೇ ಇರುತ್ತೆ. ದಪ್ಪಗೆ ಮೆತ್ತಿದ ಜಾಗಕ್ಕೆ ಧೂಳು ಕಚ್ಚಿ ಕರೀ ಹಪ್ಪಳದಂತಾಗುತ್ತೆ, ಎಂಜಿನ್ನಿನ ರೆಕ್ಕೆಗಳ ನಡುವೆ ಕಟ್ಟಿಕೊಂಡರೆ ಎಂಜಿನ್ ಬಿಸಿಯಾಗುತ್ತೆ. ಬೆಲ್ಟಿಗೆ ತಗುಲಿದರೆ ಬೆಲ್ಟು ಉಬ್ಬಿ ಜಾರುತ್ತೆ. ಡೀಸೆಲ್‌ನಲ್ಲಿ ಒರೆಸುವವರಿಗೂ ಬೆಲ್ಟಿನ ಮಟ್ಟಿಗೆ ಇದೇ ಮಾತು.

ಸ್ಪ್ರೇ ಡಬ್ಬಿ ಕೆಟ್ಟದ್ದಲ್ಲ. ಸಂದಿಯಲ್ಲಿ ನಿಂತ ನೀರನ್ನು ತಳ್ಳುತ್ತೆ, ಹಿಡಿದ ನಟ್ಟು ಬಿಡಿಸುತ್ತೆ. ಆದರೆ ಪೊರೆ ಬಲು ತೆಳು. ನಮ್ಮ ಫ್ರೇಮಿನ ಮೇಲೆ ಮೂರು ವಾರಕ್ಕೆ ಬೆರಳಿಟ್ಟರೆ ಒಣಗಿತ್ತು, ಐದನೇ ವಾರಕ್ಕೆ ವೆಲ್ಡಿಂಗ್ ಸಾಲಿನಲ್ಲಿ ಕಿತ್ತಳೆ ಚುಕ್ಕೆ ಎದ್ದಿತ್ತು. ವಾರಕ್ಕೊಮ್ಮೆ ಔಷಧಿ ಹೊಡೆಯುವ ಟೊಮೇಟೊದವರಿಗೆ ಇಷ್ಟು ಸಾಕು. ಮೂರು ತಿಂಗಳು ಮೂಲೆಗಿಡುವ ಪಂಪಿಗೆ ಸಾಲದು.

ಇನ್ನು ತಲೆ ಕೆಡಿಸಿದ್ದು ನೀರು. ಮೊದಲ ಹಂಗಾಮಿನಲ್ಲಿ ಹೊಸ ಆಯಿಲ್ ಹಚ್ಚಿದ ಕಡೆಯೂ ಪೊರೆಯ ಕೆಳಗೇ ತುಕ್ಕು ಎದ್ದಿತ್ತು. ಮೇಲೆ ಎಣ್ಣೆ ಹೊಳಪು, ಉಗುರಿನಲ್ಲಿ ಕೆರೆದರೆ ಕೆಳಗೆ ಕೆಂಪು ಪುಡಿ. ಆಯಿಲ್ ಬದಲಾಯಿಸಿದರೂ ಅದೇ ಕಥೆ. ತಪ್ಪು ಆಯಿಲ್‌ನದ್ದಲ್ಲ, ತೊಳೆದ ಬೋರ್‌ವೆಲ್ ನೀರಿನದ್ದು.

ಸಂಶಯವಿದ್ದರೆ ಸ್ಟೀಲ್ ತಟ್ಟೆಯಲ್ಲಿ ಒಂದು ಚಮಚ ಬೋರ್ ನೀರು, ಪಕ್ಕದಲ್ಲಿ ಶುದ್ಧ ನೀರಿನ ಘಟಕದ ಒಂದು ಚಮಚ ಫಿಲ್ಟರ್ ನೀರು ಬಿಟ್ಟು ಬಿಸಿಲಿಗಿಡಿ. ಬೋರ್ ನೀರು ಒಣಗಿದ ಕಡೆ ಸುಣ್ಣ ಬಳಿದಂತೆ ಬಿಳಿ ಉಂಗುರ ಉಳಿಯುತ್ತೆ, ಇನ್ನೊಂದರ ಗುರುತೂ ಸರಿಯಾಗಿ ಕಾಣಲ್ಲ. ಸಾವಿರ ಅಡಿ ಆಳದಿಂದ ಬಂದ ನೀರಲ್ಲಿ ಗೊಬ್ಬರದ ಉಪ್ಪು ತೊಳೆದು, ನೆಲದ ಉಪ್ಪು ಅಲ್ಲೇ ಬಿಟ್ಟು, ಅದರ ಮೇಲೆ ಎಣ್ಣೆ ಬಳಿದರೆ ಉಪ್ಪನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ ಹಾಗೆ.

ಇದಕ್ಕೆ ಮದ್ದು ಊರಿನ ಶುದ್ಧ ನೀರಿನ ಘಟಕದಲ್ಲೇ ಇದೆ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತೆ. ಪೂರ್ತಿ ಅದರಲ್ಲೇ ತೊಳೆಯಬೇಕಿಲ್ಲ, ಕೊನೆಯ ಐದು ಲೀಟರ್ ಅದಾಗಿದ್ದರೆ ಸಾಕು. ಹಿಡಿದಿಟ್ಟ ಮಳೆ ನೀರಾದರೂ ಆದೀತು. ಎರಡನೇ ಹಂಗಾಮಿನಲ್ಲಿ ಬದಲಿಸಿದ್ದು ಇದೊಂದೇ. ಆಯಿಲ್ ಹಚ್ಚಿದ ಕಡೆ ಮೂರು ತಿಂಗಳಾದರೂ ಬಣ್ಣ ಏಳಲಿಲ್ಲ. ಸ್ಪ್ರೇ ಹೊಡೆದ ಕಡೆಯೂ ಚುಕ್ಕೆ ಕಡಿಮೆಯಾಯಿತು, ನ್ಯಾಯವಾಗಿ ಹೇಳಬೇಕೆಂದರೆ.

ತೊಳೆಯುವ ಕ್ರಮ ಹೀಗೆ. ಡ್ರಮ್ಮು ಖಾಲಿಯಾದ ಕೂಡಲೇ 20 ಲೀಟರ್ ನೀರು ತುಂಬಿ, ಗನ್ನಿನ ನಾಝಲ್ ಬಿಚ್ಚಿ, ಪ್ರೆಶರ್ ಇಳಿಸಿ ಓಡಿಸಿ, ನೀರು ತೀರುವ ಮೊದಲೇ ನಿಲ್ಲಿಸಿ. ರಿಟರ್ನ್ ಪೈಪಿನಿಂದಲೂ ತಿಳಿ ನೀರೇ ಬರಬೇಕು. ನೀರಿಲ್ಲದೆ ಓಡಿಸಿದರೆ ಪ್ಯಾಕಿಂಗ್ ಸುಟ್ಟುಹೋಗುತ್ತೆ, ಎಚ್ಚರ. ಎಂಜಿನ್ ಅರ್ಧ ಗಂಟೆ ಆರಲಿ. ಏರ್ ಕ್ಲೀನರ್, ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಚೊಂಬಿನಲ್ಲೇ ನೀರು ಹುಯ್ಯುತ್ತಾ, ಒಂದು ಶಾಂಪೂ ಪೊಟ್ಟಣ ಹಾಕಿ ಬ್ರಶ್ಶಿನಲ್ಲಿ ಉಜ್ಜಿ. ಅದೇ ಪಂಪಿನ ಪ್ರೆಶರ್‌ನಲ್ಲಿ ಎಂಜಿನ್ ತೊಳೆಯುವ ಚಾಳಿ ಬಿಡಿ, ನೀರು ಕಾರ್ಬುರೇಟರಿಗೂ ಪ್ಲಗ್ ಕ್ಯಾಪಿಗೂ ನುಗ್ಗುತ್ತೆ.

ಬೋರ್ಡೋ ನೀಲಿ ಗಟ್ಟಿಯಾಗಿದ್ದರೆ ವಿನೆಗರ್‌ಗೆ ಸಮ ನೀರು ಬೆರೆಸಿ ಹಚ್ಚಿ ಐದೇ ನಿಮಿಷ. ಬಿಟ್ಟು ಮರೆತರೆ ಅಲ್ಯೂಮಿನಿಯಂ, ಹಿತ್ತಾಳೆ ಎರಡನ್ನೂ ತಿನ್ನುತ್ತೆ. ಕೊನೆಗೆ ಫಿಲ್ಟರ್ ನೀರು. ಕಟ್ಟಿದ ಕವರ್ ಬಿಚ್ಚಿ, ಡ್ರಮ್ಮಿನಲ್ಲಿ ನೀರಿಟ್ಟುಕೊಂಡೇ ಎಂಜಿನ್ ಐದು ನಿಮಿಷ ಓಡಿಸಿದರೆ ಆ ಬಿಸಿಗೇ ಒಣಗುತ್ತೆ. ಆರಿದ ಮೇಲೆ ಫ್ರೇಮು, ನಟ್ಟು, ಬೋಲ್ಟು, ಸ್ಟ್ಯಾಂಡಿಗೆ ತೆಳುವಾಗಿ ಆಯಿಲ್. ಬೆಲ್ಟು, ಪುಲ್ಲಿಯಲ್ಲಿ ಬೆಲ್ಟು ಕೂರುವ ತೋಡು, ಎಂಜಿನ್ ರೆಕ್ಕೆಗೆ ಬೇಡ. ಸ್ವಿಚ್ ವೈರಿನ ತುದಿಗೆ ಚೂರು ವ್ಯಾಸಲೀನ್.

ಹಂಗಾಮು ಮುಗಿದಾಗ ಟ್ಯಾಂಕಿನ ಪೆಟ್ರೋಲ್ ತೆಗೆದು, ಕಾರ್ಬುರೇಟರ್ ಬಟ್ಟಲೂ ಖಾಲಿ ಮಾಡಿ. ಈಗಿನ ಪೆಟ್ರೋಲ್‌ನಲ್ಲಿರುವ ಎಥನಾಲ್ ನೀರು ಹೀರುತ್ತೆ, ಬಟ್ಟಲಲ್ಲಿ ಬಿಳಿ ಪುಡಿ ಕಟ್ಟುತ್ತೆ. ಪ್ಲಗ್ ಬಿಚ್ಚಿ ತೂತಿಗೆ ಒಂದು ಚಮಚ ಹೊಸ ಆಯಿಲ್ ಬಿಟ್ಟು ಹಗ್ಗ ಮೆಲ್ಲಗೆ ಎರಡು ಮೂರು ಸಲ ಎಳೆದು ಮತ್ತೆ ಪ್ಲಗ್ ಹಾಕಿ.

ಲೀಟರ್ ಆಯಿಲ್ 20 ಸಲಕ್ಕೆ ಬರುತ್ತೆ, ಡಬ್ಬಿ ನಾಲ್ಕನೇ ಸಲಕ್ಕೆ ಬುಸ್ ಅನ್ನುತ್ತೆ. ಎಂಜಿನ್ನಿಗೆ ಹಾಕಲು ಹೇಗೂ ಆಯಿಲ್ ಮನೆಯಲ್ಲಿರುವುದರಿಂದ ನನಗೆ ಹೊಸ ಖರ್ಚು ನೀರಿನ ಐದು ರೂಪಾಯಿ ಮಾತ್ರ. ತೊಳೆಯಲು ಮುಕ್ಕಾಲು ಗಂಟೆ ಕೊಡಲಾಗದೆ ಕತ್ತಲಾದ ಮೇಲೆ ಪಂಪು ತಂದು ನಿಲ್ಲಿಸುವವರು ಡಬ್ಬಿಯನ್ನೇ ಇಟ್ಟುಕೊಳ್ಳಿ, ಆದರೆ ಹೊಡೆಯುವ ಮೊದಲು ಬೆಲ್ಟಿಗೊಂದು ಗೋಣಿಚೀಲ ಮುಚ್ಚಿ. ಇಲ್ಲದಿದ್ದರೆ ಬೆಲ್ಟು ಜಾರಿ ಮಾರನೇ ದಿನ ಪ್ರೆಶರ್ ಗೇಜಿನ ಮುಳ್ಳು ಮೇಲೇಳಲ್ಲ.