ಡ್ರ್ಯಾಗನ್ ಕ್ವೆಸ್ಟ್ 8: ಜಗತ್ತು ದೊಡ್ಡದು, ಕಿಟಕಿ ಚಿಕ್ಕದು

ಡ್ರ್ಯಾಗನ್ ಕ್ವೆಸ್ಟ್ ಎಂಬ ಜಪಾನಿ ವಿಡಿಯೋ ಗೇಮ್ ಸರಣಿಯ ಈ ಎಂಟನೇ ಆಟ ಜಪಾನಿನಲ್ಲಿ ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 2ಕ್ಕೆ ಬಂದದ್ದು 2004ರಲ್ಲಿ. ನಾನು ಆಡಿದ್ದು ಬಹಳ ತಡವಾಗಿ, ಫೋನಿನಲ್ಲಿ. ಎರಡು ವರ್ಷದಲ್ಲಿ ಒಂದೂವರೆ ಸಲ ಮುಗಿಸಿದ್ದೇನೆ. ಆ ಅರ್ಧದ ಕಥೆ ಆಮೇಲೆ.

ಸರಣಿಯ ಹಳೆಯ ಆಟಗಳಲ್ಲಿ ಭೂಪಟದ ಮೇಲೆ ಊರೆಂದರೆ ಒಂದು ಪುಟ್ಟ ಚಿತ್ರ, ನಾಯಕನೂ ಹೆಚ್ಚುಕಡಿಮೆ ಅಷ್ಟೇ ಎತ್ತರ! ನಾಲ್ಕು ಹೆಜ್ಜೆಗೆ ಕಾಡು ಮುಗಿಯುತ್ತಿತ್ತು. 2000ದಲ್ಲಿ ಬಂದ ಏಳನೆಯದರಲ್ಲಿ ಮನೆ, ಬೀದಿಗಳು ತ್ರೀಡಿ ಆದವು. ಜನ ಮಾತ್ರ ಚಪ್ಪಟೆ ಗೊಂಬೆಗಳಾಗಿಯೇ ಉಳಿದರು. ಎಂಟಕ್ಕೆ ಬರುವಾಗ ಅದನ್ನು ಕಟ್ಟಿದ ಲೆವೆಲ್-5 ಕಂಪನಿಯ ತಂಡ ಊರು, ಬಯಲು, ಮನುಷ್ಯ ಎಲ್ಲವನ್ನೂ ಒಂದೇ ಅಳತೆಗೆ ತಂದಿತು. ಊರ ಬಾಗಿಲು ದಾಟಿದರೆ ರಸ್ತೆ, ರಸ್ತೆ ಬಿಟ್ಟರೆ ಹುಲ್ಲು, ಆಚೆ ಗುಡ್ಡ. ಕಥೆ ಮರೆತು ಗುಡ್ಡ ಸುತ್ತಿ, ಎಲ್ಲೋ ಒಂದು ನಿಧಿಪೆಟ್ಟಿಗೆ ಕಂಡರೆ ಅದೇ ಖುಷಿ. ಸರಣಿಯ ಪಾತ್ರಗಳನ್ನು ಚಿತ್ರಿಸಿದ ಕಲಾವಿದ ಅಕಿರಾ ತೊರಿಯಾಮಾ ಅವರ ರೇಖೆಗಳನ್ನು ಸಪಾಟು ಬಣ್ಣದಲ್ಲೇ ಎಬ್ಬಿಸಿ ನಿಲ್ಲಿಸಿದ್ದಾರೆ. ಅದಕ್ಕೇ ಇರಬೇಕು, ಆ ಕಾಲದ 'ನೈಜ' ಗ್ರಾಫಿಕ್ಸ್‌ನ ಆಟಗಳಷ್ಟು ಇದು ಮಾಸಿಲ್ಲ.

ಕಾದಾಟ ಹಳೆಯ ಕ್ರಮದ್ದೇ, ಸರದಿ ಬಂದಾಗ ಮೆನುವಿನಿಂದ ಏಟು ಆರಿಸುವುದು. ಹೊಸದೆಂದರೆ ಟೆನ್ಷನ್: ಸರದಿ ಬಿಟ್ಟುಕೊಟ್ಟು 5, 20, 50, 100 ಅಂತ ಆವೇಶ ಏರಿಸಿಕೊಂಡು ಒಮ್ಮೆಲೇ ಹೊಡೆಯಬಹುದು. ಹಾಗೆ ಏರಿಸುವಷ್ಟರಲ್ಲಿ ಹೊಡೆದುರುಳಿಸಿದರೆ ಭಾರಿ ಅನುಭವಾಂಕ ಕೊಡುವ ಮೆಟಲ್ ಸ್ಲೈಮ್ ಎಂಬ ರಾಕ್ಷಸ ಪೇರಿ ಕಿತ್ತರೆ ಆಗುವ ಸಂಕಟ ಆಡಿದವರಿಗೇ ಗೊತ್ತು.

ಇನ್ನು ಫೋನ್. ಆಟ ಓಡುವುದು ಫೋನನ್ನು ಉದ್ದಕ್ಕೆ ಹಿಡಿದಾಗ ಮಾತ್ರ. ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಇನ್ನೊಂದರ ಹೆಬ್ಬೆರಳು ಆಟಕ್ಕೆ; ಅಷ್ಟರಮಟ್ಟಿಗೆ ಅನುಕೂಲ. ಆದರೆ ಅಗಲವಾದ ಬಯಲೇ ಈ ಆಟದ ಹೆಮ್ಮೆ, ಅದನ್ನು ಬಾಗಿಲ ಸಂದಿಯಿಂದ ಜಾತ್ರೆ ನೋಡಿದ ಹಾಗೆ ನೋಡಬೇಕು. ಇಂಗ್ಲಿಷ್ ಪ್ಲೇಸ್ಟೇಷನ್ ಆವೃತ್ತಿಯಲ್ಲಿದ್ದ ಪಾತ್ರಗಳ ದನಿಯೂ ಇಲ್ಲಿಲ್ಲ. ನಾಯಕನ ಜೊತೆಗಾರ ಯಾಂಗಸ್‌ನ ಬಾಯಿ ಬಡಾಯಿಯನ್ನು ಓದಿಕೊಳ್ಳುವುದಕ್ಕೂ ಕೇಳುವುದಕ್ಕೂ ಬಹಳ ಅಂತರ.

ಎರಡನೇ ಸಲ ಕೈಬಿಟ್ಟದ್ದು ಕಣ್ಣಿಗೆ ಕಾಣದೆ ಎರಗುವ ರಾಕ್ಷಸರ ಕಾಟಕ್ಕೆ. ಸುಮ್ಮನೆ ಸುತ್ತಾಡೋಣ ಅಂದರೆ ಸ್ವಲ್ಪ ದೂರಕ್ಕೊಮ್ಮೆ ಯುದ್ಧ. ನಿಂಟೆಂಡೊ 3ಡಿಎಸ್ ಆವೃತ್ತಿಯಲ್ಲಿ ರಾಕ್ಷಸರು ಎದುರಿಗೇ ಓಡಾಡುತ್ತಾರೆ, ಬೇಡವಾದರೆ ಬಳಸಿಕೊಂಡು ಹೋಗಬಹುದು. ಆ ಯಂತ್ರ ಮನೆಯಲ್ಲಿದ್ದವರು ಫೋನಿನ ಗೊಡವೆಗೆ ಹೋಗಬೇಡಿ. ನನ್ನ ತಂಡವಂತೂ ಟ್ರೊಡೇನ್ ಕೋಟೆಯ ಮುಳ್ಳುಬಳ್ಳಿಗಳ ಮುಂದೆ ನಿಂತು ಐದು ತಿಂಗಳಾಯಿತು.